ಚಿತ್ರ ಬರೆಯುವ ಕೈ ಕೂಲಿಯ ಕೈಯಲ್ಲವೆ?

ಕಳೆದ ತಿಂಗಳು ಚಾಣಕ್ಯಪುರಿಯ ನೆಹರೂ ಪಾರ್ಕಿನಲ್ಲಿ ಸೇರಿದ ನಮ್ಮ ಸಂಘದ ಕಾರ್ಯಕಾರಿ ಸಭೆಯಲ್ಲಿ ಸದಸ್ಯತ್ವದ ಅರ್ಜಿಯೊಂದನ್ನು ಪಕ್ಕಕ್ಕಿಟ್ಟರು. ತಳ್ಳಿಹಾಕಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. 'ಆಮೇಲೆ ನೋಡೋಣ' ಎಂದು ಮಡಿಚಿ ಫೈಲಿಗೆ ಸೇರಿಸಿದರು. ಹಾಗೆ ಮಡಿಚಿಟ್ಟ ಅರ್ಜಿಗಳ ಗತಿ ಏನಾಗುತ್ತದೆಂಬುದನ್ನು ಸರ್ಕಾರಿ ಕಚೇರಿಗಳ ಮೆಟ್ಟಿಲು ಸವೆಸಿದ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಅದಕ್ಕೆಂದೇ ಈ ಲೇಖನ.

ಅರ್ಜಿ ಹಾಕಿದವಳು ಪರರ ಮಗಳಲ್ಲ. ಕುಂದಾಪುರದ ಕಡೆಯಿಂದ ಬಂದು ಮೂವತ್ತು ವರ್ಷ ಈ ಚಾಣಕ್ಯಪುರಿಯ ಅಡಿಗೆಮನೆಗಳ ಹೊಗೆ ಕುಡಿದ ನಮ್ಮ ಹಿರಿಯ ಸದಸ್ಯರೊಬ್ಬರ ಎರಡನೆಯ ಮಗಳು. ಶಾಲೆಯಲ್ಲಿ ನೋಟುಬುಕ್ಕಿನ ಅಂಚಿನಲ್ಲೆಲ್ಲ ಕುದುರೆ, ನವಿಲು, ಮೇಷ್ಟರ ಮೂತಿ ಬರೆದು ಬೈಸಿಕೊಂಡವಳು. ಈಗ ಓಖ್ಲಾದ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ, ಎಂದರೆ ಕಾರ್ಟೂನು ಫಿಲ್ಮು ತಯಾರಿಸುವಲ್ಲಿ, ಕೆಲಸಕ್ಕಿದ್ದಾಳೆ. ಅರ್ಜಿಯಲ್ಲಿ 'ಉದ್ಯೋಗ' ಎಂಬ ಕಡೆ 'ಕಮರ್ಷಿಯಲ್ ಆರ್ಟಿಸ್ಟ್' ಎಂದು ಬರೆದಿದ್ದಾಳೆ. ಆ ಎರಡು ಪದಗಳೇ ಜಗಳಕ್ಕೆ ಮೂಲವಾದವು.

"ಇದು ಹೋಟೆಲು, ಮಿಲ್ಲುಗಳ ದುಡಿಮೆಗಾರರ ಸಂಘ. ತಣ್ಣನೆಯ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಚಿತ್ರ ಬರೆಯುವವರಿಗೆ ಇಲ್ಲೇನು ಕೆಲಸ? ಅದು ಕಲೆ ಮಾರಾಯ್ರೆ, ಕೂಲಿಯಲ್ಲ" ಎಂದರು ಒಬ್ಬರು. "ನಾಳೆ ಅವರೇ ಪದಾಧಿಕಾರಿಗಳಾಗಿ ನಮ್ಮ ಮುಂದೆ ಇಂಗ್ಲಿಷು ಹೊಡೆಯುತ್ತಾರೆ" ಎಂದರು ಇನ್ನೊಬ್ಬರು. ಮಗಳ ಅರ್ಜಿಯ ಮೇಲೆ ಈ ಚರ್ಚೆ ನಡೆಯುತ್ತಿರುವಾಗ ತಂದೆ ಹುಲ್ಲು ಕೀಳುತ್ತ ತಲೆ ತಗ್ಗಿಸಿ ಕೂತಿದ್ದರು. ಹೀಗೆ ಮಾತಾಡಿದ ಹಿರಿಯರಲ್ಲಿ ನಮಗೆ ಗೌರವವಿಲ್ಲವೆಂದಲ್ಲ. 1989ರಲ್ಲಿ ಡಿ.ಸಿ.ಎಂ. ಗಿರಣಿಯೂ 1996ರಲ್ಲಿ ಸಬ್ಜಿಮಂಡಿಯ ಬಿರ್ಲಾ ಮಿಲ್ಲೂ ಬಾಗಿಲು ಹಾಕಿದ್ದನ್ನು ಕಣ್ಣಾರೆ ಕಂಡವರು ಅವರು. ಕಂಡವರಾದ್ದರಿಂದಲೇ ಅವರ ಬಾಯಿಂದ ಈ ಮಾತು ಬರಬಾರದಿತ್ತು ಎನ್ನುತ್ತೇವೆ.

ಈ 'ಕಲೆ' ಹೇಗೆ ತಯಾರಾಗುತ್ತದೆಂಬುದನ್ನು ಮೊದಲು ನೋಡೋಣ. ಸಿನಿಮಾದ ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟುಗಳು. ಒಂದೂವರೆ ಗಂಟೆಯ ಫಿಲ್ಮಿಗೆ 1,29,600. ಇಷ್ಟನ್ನು ಯಾವ ಮಹಾಕಲಾವಿದನೂ ಒಬ್ಬನೇ ತುಂಬಲಾರ. ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ದೊಡ್ಡ ಕಲಾವಿದ ಮುಖ್ಯ ಭಂಗಿಗಳನ್ನು ಬರೆದಿಡುತ್ತಿದ್ದ. ಕೈ ಇಲ್ಲಿಂದ ಅಲ್ಲಿಗೆ ಹೋಗುವ ನಡುವಿನ ಚಿತ್ರಗಳನ್ನು 'ಇನ್‌ಬಿಟ್ವೀನರ್' ಎಂಬ ಸಣ್ಣ ಸಂಬಳದವನು ಬರೆಯುತ್ತಿದ್ದ. ಅದರ ಮೇಲೆ ಮಸಿ ತಿದ್ದುವವರು ಬೇರೆ, ಬಣ್ಣ ತುಂಬುವವರು ಬೇರೆ. ಈಗ ಕಾಗದದ ಬದಲು ಕಂಪ್ಯೂಟರು ಬಂದಿದೆ. ಒಬ್ಬನು ಬೊಂಬೆಯ ಆಕಾರ ಕಡೆಯುತ್ತಾನೆ, ಇನ್ನೊಬ್ಬನು ಅದಕ್ಕೆ ಮೂಳೆ ಕೀಲು ಜೋಡಿಸುತ್ತಾನೆ, ಮತ್ತೊಬ್ಬನು ನಡೆಸುತ್ತಾನೆ, ಮಗುದೊಬ್ಬನು ಬೆಳಕು ಬಿಡುತ್ತಾನೆ. ಹತ್ತಿ ಬಿಡಿಸುವ ಖಾತೆ, ನೂಲುವ ಖಾತೆ, ನೇಯುವ ಖಾತೆ, ಬಣ್ಣದ ಖಾತೆ ಎಂದು ಗಿರಣಿಯಲ್ಲಿ ದುಡಿದವರಿಗೆ ಇದು ಹೊಸದೇ?

ನಮ್ಮ ಹುಡುಗಿ ಇರುವುದು 'ನಡೆಸುವ' ಖಾತೆಯಲ್ಲಿ. ಅವಳ ಕೆಲಸಕ್ಕೆ ಲೆಕ್ಕವಿರುವುದು ಸೆಕೆಂಡಿನಲ್ಲಿ. ದಿನಕ್ಕೆ ಇಷ್ಟು ಸೆಕೆಂಡಿನ ಚಿತ್ರ ಮುಗಿಸಿಕೊಡಬೇಕು. ಮಿಲ್ಲಿನಲ್ಲಿ ಗಜದ ಲೆಕ್ಕವಿದ್ದಂತೆ ಇದು. ಮಾಡಿದ್ದು ಗಿರಾಕಿಗೆ ಒಪ್ಪಿಗೆಯಾಗದಿದ್ದರೆ 'ರಿಟೇಕ್'. ಮತ್ತೆ ಮಾಡಿದ್ದಕ್ಕೆ ಕಾಸಿಲ್ಲ, ಮರುದಿನದ ಸೆಕೆಂಡುಗಳಿಗೆ ರಿಯಾಯಿತಿಯೂ ಇಲ್ಲ. ಗಿರಾಕಿ ಸಾಗರದಾಚೆ ಇದ್ದಾನೆ. ಅವನಿಗೆ ಹಗಲಾದಾಗ ಓಖ್ಲಾದಲ್ಲಿ ರಾತ್ರಿ. ಒಪ್ಪಿಸುವ ವಾಯಿದೆ ಹತ್ತಿರ ಬಂದಾಗ ಕೊನೆಯ ಮೆಟ್ರೋ ತಪ್ಪಿ, ಹುಡುಗಿಯರು ಬೆಳಗಾಗುವವರೆಗೆ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾರೆ. ಓವರ್‌ಟೈಮ್ ಎಂಬ ಮಾತೆತ್ತಿದರೆ "ಕಲಾವಿದರು ಗಡಿಯಾರ ನೋಡಿ ಕೆಲಸ ಮಾಡುತ್ತಾರೆಯೇ?" ಎಂಬ ಉತ್ತರ. ಎಷ್ಟು ಸೊಗಸಾದ ಮಾತು! ಅದೇ ಮಹಡಿಯಲ್ಲಿ ಹಿಂದೆ ಹೊಲಿಗೆ ಯಂತ್ರಗಳಿದ್ದುವಂತೆ. ಆಗಿನ ದರ್ಜಿಗಳಿಗೆ ಯಾರೂ ಕಲಾವಿದರೆಂಬ ಬಿರುದು ಕೊಟ್ಟಿರಲಿಕ್ಕಿಲ್ಲ, ಬಿರುದಿಲ್ಲದೆಯೇ ದುಡಿಸಿಕೊಂಡಿರಬೇಕು.

ಸಂಬಳದ ಮಾತಿಗೆ ಬರೋಣ. 2025ರ ಏಪ್ರಿಲಿನಲ್ಲಿ ದಿಲ್ಲಿಯಲ್ಲಿ ಕುಶಲನಲ್ಲದ ಕೆಲಸಗಾರನಿಗೆ ಗೊತ್ತುಮಾಡಿದ ಕನಿಷ್ಠ ವೇತನ ತಿಂಗಳಿಗೆ 18,456 ರೂಪಾಯಿ, ಕುಶಲ ಕೆಲಸಗಾರನಿಗೆ 22,411. (ನಮ್ಮ ಎಷ್ಟು ಹೋಟೆಲುಗಳು ಇದನ್ನು ಕೊಡುತ್ತವೆಂಬುದು ಬೇರೆಯೇ ರಾಮಾಯಣ, ಅದನ್ನು ಇನ್ನೊಮ್ಮೆ ಬರೆಯುತ್ತೇವೆ.) ಮೂರು ವರ್ಷ ಕಲಿತು ಬಂದ ಈ ಹುಡುಗಿಗೆ 'ಟ್ರೇನಿ' ಎಂಬ ಹೆಸರಿನಲ್ಲಿ ಕೈಗೆ ಬರುವುದು ಹದಿನಾರು ಸಾವಿರ. ಕಾಯಿದೆಯ ಪ್ರಕಾರ ತಟ್ಟೆ ತೊಳೆಯುವ ಹುಡುಗನಿಗೆ ಸಿಗಬೇಕಾದದ್ದಕ್ಕಿಂತ ಕಡಿಮೆ! ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ 'ಪರೀಕ್ಷೆ' ಎಂದು ಒಂದು ವಾರ ಪುಕ್ಕಟೆ ಚಿತ್ರ ಮಾಡಿಸಿದರು. ಕೆಲಸ ಕೊಟ್ಟದ್ದಾದರೂ ಈ ಒಂದು ಧಾರಾವಾಹಿ ಮುಗಿಯುವವರೆಗೆ. ಮುಂದಿನದು ಬಂದರೆ ಕರೆಯುತ್ತಾರೆ, ಬಾರದಿದ್ದರೆ ಇಲ್ಲ. ಗಿರಣಿಯ ಗೇಟಿನ ಮುಂದೆ ಬದಲಿ ಕಾರ್ಡು ಹಿಡಿದು ಬೆಳಗ್ಗೆ ನಿಂತವರೇ, ನಿಮ್ಮನ್ನು ಕೇಳುತ್ತೇವೆ: ಇವಳು ನಿಮ್ಮ ಸಾಲಿನವಳಲ್ಲವೆ?

ಇಲ್ಲಿ ತಂದೆತಾಯಿಗಳಿಗೂ ಒಂದು ಮಾತು. ಈ ಹುಡುಗಿಯ ಫೀಜಿಗೆ ತಂದೆ ಪ್ರಾವಿಡೆಂಟ್ ಫಂಡಿಗೆ ಕೈಹಾಕಿದರು, ಸಾಲದ್ದಕ್ಕೆ ಊರಿನ ಸೊಸೈಟಿಯಲ್ಲಿ ಸಾಲ ಮಾಡಿದರು. ಕಲಿಸಿದ ಸಂಸ್ಥೆಯ ಗೋಡೆಯ ಮೇಲೆ 'ನೂರಕ್ಕೆ ನೂರು ಉದ್ಯೋಗ' ಎಂಬ ಬೋರ್ಡು ಇತ್ತು. ಎಂಥ ಉದ್ಯೋಗ, ಎಷ್ಟು ದಿನದ್ದು, ಎಷ್ಟು ಸಂಬಳ ಎಂದು ಬೋರ್ಡಿನಲ್ಲಿ ಇರಲಿಲ್ಲ. ದಿಲ್ಲಿಯಿಂದ ನೋಯ್ಡಾದವರೆಗೆ ಇಂಥ ಬೋರ್ಡುಗಳಿಗೆ ಬರವಿಲ್ಲ. ಹಣ ಕಟ್ಟುವ ಮೊದಲು ಹೋದ ವರ್ಷ ಕಲಿತು ಹೋದವರು ಈಗ ಎಲ್ಲಿದ್ದಾರೆ, ಏನು ಸಂಬಳ ಎಂದು ಬರವಣಿಗೆಯಲ್ಲಿ ಕೇಳಿರಿ. ಕೊಡದಿದ್ದರೆ ಚಪ್ಪಲಿ ಮೆಟ್ಟಿ ಹೊರಡಿರಿ. ತಿಲಕ್ ಮಾರ್ಗದಲ್ಲಿ ಸರ್ಕಾರದ ಕಾಲೇಜ್ ಆಫ್ ಆರ್ಟ್ ಇದೆ. ಜಾಮಿಯಾದಲ್ಲಿ ಕಲಾ ವಿಭಾಗವಿದೆ. ಮೈಸೂರಿನಲ್ಲಿ ಚಾಮರಾಜೇಂದ್ರರ ಹೆಸರಿನ ಕಲಾಶಾಲೆ ಇದೆ. ಮೊದಲು ಆ ಬಾಗಿಲುಗಳನ್ನು ತಟ್ಟಿರಿ. ಮಕ್ಕಳ ಕೈಯಲ್ಲಿ ವಿದ್ಯೆ ಇದ್ದರೆ ಚಿತ್ರ ಬರೆಯುವುದು ಬೇಡವೆಂದು ನಾವು ಹೇಳುವುದಿಲ್ಲ. ಬೇಡವೆಂದರೆ ಅವು ಕೇಳುವುದೂ ಇಲ್ಲ.

ಈ ಕೆಲಸ ಎಲ್ಲಿಂದ ಬರುತ್ತದೆಂದು ತಿಳಿಯಲು ನಮ್ಮ ಹೋಟೆಲು ಬಾಂಧವರು ದೂರ ಹೋಗಬೇಕಾಗಿಲ್ಲ. ಶಾಂತಿಪಥದಲ್ಲಿ ನಡೆದರೆ ಸಾಕು. ಅಲ್ಲಿ ಅಮೆರಿಕದ ಬಾವುಟವಿದೆ, ಫ್ರಾನ್ಸಿನದಿದೆ, ಜಪಾನಿನದಿದೆ. ಆ ಔತಣಗಳಲ್ಲಿ ತಟ್ಟೆ ಎತ್ತಿದವರು ನಮ್ಮಲ್ಲಿದ್ದಾರೆ. ಆ ದೇಶಗಳ ಫಿಲ್ಮುಗಳಿಗೆ ಚಿತ್ರ ಜೋಡಿಸುವವರು ನಮ್ಮ ಮಕ್ಕಳು.

1956ನೆಯ ಇಸವಿಯನ್ನು ನೆನೆಯಿರಿ. ಕನ್ನಡನಾಡು ಒಂದಾದ ವರ್ಷ. ಯುನೆಸ್ಕೋ ಸಮ್ಮೇಳನಕ್ಕೆಂದು ಈ ಚಾಣಕ್ಯಪುರಿಯಲ್ಲಿ ಅಶೋಕ ಹೋಟೆಲು ಎದ್ದ ವರ್ಷ. ಅದೇ ವರ್ಷ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿನಲ್ಲಿ ಕಾರ್ಟೂನು ವಿಭಾಗವೂ ತೆರೆಯಿತು. ಡಿಸ್ನಿ ಕಂಪೆನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಎಂಬವರು ಬಂದು ನಮ್ಮ ಹುಡುಗರಿಗೆ ಕಲಿಸಿದರು. ಜಾತಕ ಕಥೆಯನ್ನಾಧರಿಸಿದ 'ದಿ ಬ್ಯಾನಿಯನ್ ಡೀರ್' 1957ರಲ್ಲಿ ಬಂತು. ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಮುಂದೆ ಜಪಾನಿನ ಯೂಗೋ ಸಾಕೋ ಎಂಬವರು ರಾಮಾಯಣವನ್ನು ಅನಿಮೇಷನ್ನಿನಲ್ಲಿ ಮಾಡಬೇಕೆಂದು ಹೊರಟಾಗ, ರಾಮಾಯಣವನ್ನು ಕಾರ್ಟೂನು ಮಾಡುತ್ತಾರಂತೆ ಎಂದು ದಿಲ್ಲಿಯ ಜಪಾನೀ ರಾಯಭಾರ ಕಚೇರಿಗೆ ಪ್ರತಿಭಟನೆಯ ಪತ್ರ ಹೋಯಿತು. ನಮ್ಮ ಸರ್ಕಾರ ಕೈಜೋಡಿಸಲಿಲ್ಲ. ರಾಮ್ ಮೋಹನರು ಜಪಾನಿಗೆ ಹೋಗಿ ಸಾಕೋ ಅವರೊಡನೆ ದುಡಿದರು. 1993ರ ಜನವರಿಯಲ್ಲಿ ಅದು ದಿಲ್ಲಿಯ ಚಿತ್ರೋತ್ಸವದಲ್ಲಿ ತೋರಿತು. ದೇಶದ ಥಿಯೇಟರುಗಳಲ್ಲಿ ದೊಡ್ಡದಾಗಿ ಬಿಡುಗಡೆಯಾಗಲು 2025ರ ಜನವರಿಯೇ ಬರಬೇಕಾಯಿತು. ಆಗ ಪತ್ರಿಕೆಗಳು ಅದನ್ನು ಹೊಗಳಿದುವು. ನಮ್ಮ ಕಥೆ, ದುಡ್ಡು ಜಪಾನಿನದು! ಫಿಲ್ಮ್ಸ್ ಡಿವಿಜನ್ನಿನಲ್ಲಾದರೋ ಸರ್ಕಾರಿ ಸಂಬಳ, ಪಿಂಚಣಿ ಇತ್ತು. ಅದನ್ನೂ 2022ರಲ್ಲಿ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಕರಗಿಸಿಬಿಟ್ಟರು.

ರಾಮಾಯಣದ ಹೊಗಳಿಕೆಯ ಶಾಯಿ ಆರುವ ಮೊದಲೇ, 2025ರ ಫೆಬ್ರವರಿಯಲ್ಲಿ, ಬೆಂಗಳೂರಿನಿಂದ ಇನ್ನೊಂದು ಸುದ್ದಿ ಬಂತು. ಪ್ಯಾರಿಸ್ಸಿನಲ್ಲಿ ಕೇಂದ್ರವಿದ್ದ ಟೆಕ್ನಿಕಲರ್ ಎಂಬ ಕಂಪೆನಿ ದಿವಾಳಿಯ ಅಂಚಿಗೆ ಬಂದು, ಇಂಡಿಯಾದ ಶಾಖೆಗಳೂ ಮುಚ್ಚಿದುವು. ಬೆಂಗಳೂರು ಮುಂಬಯಿಗಳಲ್ಲಿ ಸುಮಾರು ಮೂರು ಸಾವಿರ ಮಂದಿ. ಆ ತಿಂಗಳ ಸಂಬಳವನ್ನೇ ಕೊಡಲಾಗದೆಂಬ ಮಾತು ಅವರಿಗೆ ತಲುಪಿತು. 2016ರ 'ದಿ ಜಂಗಲ್ ಬುಕ್' ನೋಡಿದ್ದೀರಷ್ಟೆ? ನಮ್ಮ ಕಾಡಿನ ಕರಡಿ, ಹುಲಿ, ಚಿರತೆಗಳು. ಅವುಗಳ ಕೂದಲು ಕೂದಲಿಗೂ ಜೀವ ತುಂಬಿದ ಎಂಪಿಸಿ ಈ ಕಂಪೆನಿಯದೇ ಅಂಗ. ಬೆಂಗಳೂರಿನ ಕೈಗಳೂ ಅದರಲ್ಲಿದ್ದುವು. ಅದಕ್ಕೆ 2017ರಲ್ಲಿ ಆಸ್ಕರ್ ಬಂತು. ಅದಕ್ಕೂ ಮೊದಲು 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಮಾಡಿದ ರಿದಮ್ ಆಂಡ್ ಹ್ಯೂಸ್ ಎಂಬ ಕಂಪೆನಿಗೆ ಮುಂಬಯಿ, ಹೈದರಾಬಾದುಗಳಲ್ಲಿ ಶಾಖೆಗಳಿದ್ದುವು. 2013ರ ಫೆಬ್ರವರಿಯಲ್ಲಿ ಆಸ್ಕರ್ ಬರುವ ಹೊತ್ತಿಗೆ ಆ ಕಂಪೆನಿ ದಿವಾಳಿ ಅರ್ಜಿ ಹಾಕಿಯಾಗಿತ್ತು. ಒಳಗೆ ಬಹುಮಾನ ಹಿಡಿದವರು ತಮ್ಮ ಕಂಪೆನಿಯ ಕಷ್ಟದ ಮಾತೆತ್ತಿದೊಡನೆ ಸಂಗೀತ ಬಾರಿಸಿ ಬಾಯಿ ಮುಚ್ಚಿಸಿದರು. ಹೊರಗೆ ಬೀದಿಯಲ್ಲಿ ನೂರಾರು ಕೆಲಸಗಾರರು ಫಲಕ ಹಿಡಿದು ನಿಂತಿದ್ದರು. ಹುಲಿಗೆ ಕೀರ್ತಿ, ಹುಲಿ ಮಾಡಿದವನಿಗೆ ಬೀದಿ. ಪಂಚತಂತ್ರದಲ್ಲೂ ಇಂಥ ಕಥೆ ಸಿಕ್ಕಲಾರದು.

'ಕಲಾವಿದರಿಗೆ ಸಂಘವೇಕೆ' ಎನ್ನುವವರು 1941ರ ಡಿಸ್ನಿ ಮುಷ್ಕರದ ಚರಿತ್ರೆ ಓದಬೇಕು. 1937ರ 'ಸ್ನೋ ವೈಟ್' ಹಣದ ಹೊಳೆ ಹರಿಸಿತು; ಬೋನಸ್ಸು ಬರುವುದೆಂದು ನಂಬಿ ಕೂತಿದ್ದವರಿಗೆ ಅದು ಬರಲಿಲ್ಲ. ಮೇಲಿನ ಕಲಾವಿದನಿಗೆ ವಾರಕ್ಕೆ ಮುನ್ನೂರು ಡಾಲರು, ಕೆಳಗಿನವರಿಗೆ ಹನ್ನೆರಡು. ಮಸಿ ತಿದ್ದಿ ಬಣ್ಣ ತುಂಬುವ ಹುಡುಗಿಯರು ಆ ಕೆಳಗಿನ ಸಾಲಿನವರು. ದೊಡ್ಡ ಸಂಬಳದವನೇ ಆದ ಆರ್ಟ್ ಬ್ಯಾಬಿಟ್ ಎಂಬ ಕಲಾವಿದ ಸಣ್ಣವರ ಪರ ನಿಂತು ಸಂಘ ಸೇರಿದ, ಕೆಲಸ ಕಳಕೊಂಡ. ಮೇ 29ರಂದು ನೂರಾರು ಚಿತ್ರಕಾರರು ಗೇಟಿನ ಹೊರಗೆ ನಿಂತರು. ಫಲಕಗಳ ಮೇಲೆ ಕಾರ್ಟೂನುಗಳನ್ನು ಅವರೇ ಬರೆದುಕೊಂಡರು. ಮುಷ್ಕರಕ್ಕೆ ಅದಕ್ಕಿಂತ ಒಳ್ಳೆಯ ಫಲಕ ಎಲ್ಲಿ ಸಿಕ್ಕೀತು? ಕೊನೆಗೆ ಸಂಘಕ್ಕೆ ಮಾನ್ಯತೆ ಸಿಕ್ಕಿತು, ಸಂಬಳ ಏರಿತು, ಪರದೆಯ ಮೇಲೆ ಹೆಸರೂ ಬಂತು. ಇದರಲ್ಲಿ ನಮ್ಮ ಹೋಟೆಲು ಬಾಂಧವರು ಗಮನಿಸಬೇಕಾದದ್ದು ಇನ್ನೊಂದಿದೆ. ಗೇಟಿನೆದುರು ಬಿಡಾರ ಹೂಡಿದ್ದ ಆ ಚಿತ್ರಕಾರರಿಗೆ ಸುತ್ತಮುತ್ತಲ ಹೋಟೆಲುಗಳ ಅಡಿಗೆಯವರು ತಮ್ಮ ಪಾಳಿ ಮುಗಿಸಿ ಬಂದು ಅಡಿಗೆ ಮಾಡಿ ಹಾಕಿದರೆಂದು ಆ ಮುಷ್ಕರದ ಚರಿತ್ರೆ ಬರೆದವರು ಹೇಳುತ್ತಾರೆ. ಆ ಅಡಿಗೆಯವರು 'ನೀವು ಕಲಾವಿದರು, ನಾವು ಒಲೆಯವರು' ಎಂದು ತಿರುಗಿ ಹೋಗಲಿಲ್ಲ.

ಕಾಯಿದೆಯೇನು ಹೇಳುತ್ತದೆ? 1956ರ ತಿದ್ದುಪಡಿಯಿಂದಲೇ ಕೈಗಾರಿಕಾ ವಿವಾದ ಕಾಯಿದೆಯಲ್ಲಿ 'ತಾಂತ್ರಿಕ' ಕೆಲಸದವನೂ ಕಾರ್ಮಿಕನೆಂದು ಬಂತು. ನಮ್ಮ ಹಿರಿಯರು ಸುಮಾರು ಎಪ್ಪತ್ತು ವರ್ಷ ತಡವಾಗಿದ್ದಾರೆ. ಆದರೆ ಸಿನಿಮಾ ಕೆಲಸಗಾರರಿಗೆಂದೇ 1981ರಲ್ಲಿ ಮಾಡಿದ ಕಾಯಿದೆ ಬಹಳ ಜಾಣತನದ್ದು. ಕಥೆಯು ಪೂರ್ತಿ ಅನಿಮೇಷನ್ನಿನಿಂದ ಅಥವಾ ಕಾರ್ಟೂನಿನಿಂದ ನಡೆಯುವ ಫಿಲ್ಮನ್ನು, ಜಾಹೀರಾತಿನ ಫಿಲ್ಮನ್ನು ಅದು ತನ್ನ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ನಟಿಯ ಸೀರೆಗೆ ಇಸ್ತ್ರಿ ಹಾಕುವವನು ಕಾಯಿದೆಯ ಒಳಗೆ, ನಾಯಿಮರಿಗೆ ಬಾಲ ಬರೆಯುವವನು ಹೊರಗೆ! ನಾಲ್ಕು ದಶಕ ಹೀಗೆಯೇ ನಡೆಯಿತು. 2020ರಲ್ಲಿ ಮಾಡಿ 2025ರ ನವೆಂಬರ್ 21ರಂದು ಜಾರಿಗೆ ತಂದ ಹೊಸ ಸಂಹಿತೆಗಳಲ್ಲಿ ಒಂದು, 'ಆಡಿಯೋ ವಿಷುವಲ್ ಕೆಲಸಗಾರ' ಎಂಬ ಹೆಸರಿನ ಕೆಳಗೆ ಅನಿಮೇಷನ್ನನ್ನೂ ಕಾರ್ಟೂನನ್ನೂ ಒಳಗೆ ತಂದಿದೆ. ಬರವಣಿಗೆಯ ಕರಾರು ಇಲ್ಲದೆ, ಅದನ್ನು ಅಧಿಕಾರಿಯಲ್ಲಿ ನೋಂದಾಯಿಸದೆ ಇಂಥವರನ್ನು ದುಡಿಸಕೂಡದೆಂದು ಅದರಲ್ಲಿದೆ. ಹೊಸ ಸಂಹಿತೆಗಳ ಮೇಲೆ ನಮಗೆ ಪ್ರೀತಿಯಿಲ್ಲ. ಮುಷ್ಕರದ ಕತ್ತು ಹಿಸುಕುವ ವಿಧಿಗಳನ್ನು ವಿರೋಧಿಸಿಯೇ ಇದ್ದೇವೆ. ಈ ವಿಧಿಗೂ ಸಂಬಳದ ಮಿತಿಯೊಂದನ್ನು ಸರ್ಕಾರ ಗೊತ್ತುಮಾಡಬಹುದೆಂಬ ಕಿಂಡಿ ಇದೆ. ಆದರೂ ಶತ್ರುವಿನ ಚೀಲದಲ್ಲಿ ನಮ್ಮದೊಂದು ಕಾಸು ಸಿಕ್ಕರೆ ಬಿಡಬೇಕೆ? ನೋಂದಾಯಿಸಿದ ಕರಾರು ಎಲ್ಲಿ ಎಂದು ಒಂಟಿ ಹುಡುಗಿ ಕೇಳಿದರೆ ನಾಳೆಯಿಂದ ಬರಬೇಡವೆನ್ನುತ್ತಾರೆ. ಅವಳ ಬೆನ್ನ ಹಿಂದೆ ಒಂದು ಸಂಘದ ಕಾಗದ, ಒಂದು ಸೀಲು ಇದ್ದರೆ?

ಇನ್ನು ನಮ್ಮ ಕನ್ನಡನಾಡಿನ ಸರ್ಕಾರದ ಕಥೆ. ಸರ್ದಾರ್ ಪಟೇಲ್ ಮಾರ್ಗದ ಕರ್ನಾಟಕ ಭವನದಲ್ಲಿ ಇಳಿಯುವ ಮಂತ್ರಿಗಳೆಲ್ಲರೂ, ಅನಿಮೇಷನ್ನಿಗೆ ದೇಶದಲ್ಲೇ ಮೊದಲು ನೀತಿ ಮಾಡಿದವರು ನಾವು ಎಂದು ಎದೆ ತಟ್ಟಿಕೊಳ್ಳಬಲ್ಲರು. ನಿಜವೇ, 2012ರಲ್ಲಿ ಮಾಡಿದರು. 2024ರ ಹೊಸ ನೀತಿಯಲ್ಲಿ ಮೂವತ್ತು ಸಾವಿರ ಉದ್ಯೋಗದ ಗುರಿಯೂ ಇದೆ. ಆದರೆ ರಜೆ, ಪಾಳಿ, ವಜಾ ಇವುಗಳ ನಿಯಮವನ್ನು ಬರೆದು ಗೋಡೆಗೆ ಹಚ್ಚಬೇಕೆಂಬ 1946ರ ಸ್ಥಾಯಿ ಆದೇಶಗಳ ಕಾಯಿದೆಯಿಂದ ಐ.ಟಿ. ಕಂಪೆನಿಗಳ ಜೊತೆಗೆ ಅನಿಮೇಷನ್, ಕಂಪ್ಯೂಟರ್ ಗ್ರಾಫಿಕ್ಸ್‌ಗಳನ್ನೂ ಹೆಸರು ಹಿಡಿದು ವಿನಾಯಿತಿ ಕೊಟ್ಟವರೂ ಇವರೇ. 2014ರಲ್ಲಿ ಕೊಟ್ಟರು, 2019ರಲ್ಲಿ ಕೊಟ್ಟರು, 2024ರ ಜೂನಿನಲ್ಲಿ ಮತ್ತೆ ಐದು ವರ್ಷಕ್ಕೆ ಕೊಟ್ಟರು. ಪಕ್ಷ ಯಾವುದಾದರೇನು! ದೂರು ಕೇಳಲು ಸಮಿತಿ ಇರಲಿ ಎಂಬ ಷರತ್ತುಗಳನ್ನು ಹಾಕಿದ್ದಾರೆ; ಆ ಸಮಿತಿಯಲ್ಲಿ ಕೂರುವವರು ಯಾರ ಅನ್ನ ತಿನ್ನುವವರೆಂದು ಕೇಳಬೇಕಾದವರು ಯಾರು? ಆ ಹಳೆಯ ಕಾಯಿದೆ ಈಗ ಹೊಸ ಸಂಹಿತೆಯೊಳಗೆ ಸೇರಿಹೋಗಿದೆ. ಅದೇ ವಿನಾಯಿತಿ ಹೊಸ ಅಂಗಿ ತೊಟ್ಟು ಬಾರದಂತೆ ನೋಡಿಕೊಳ್ಳುವವರು ಬೇಕು.

"ಸ್ಪರ್ಧೆ ಬಹಳ, ಹೆಚ್ಚು ಕೇಳಿದರೆ ಕೆಲಸ ಫಿಲಿಪ್ಪೀನ್ಸಿಗೆ ಹೋಗುತ್ತದೆ, ಇಲ್ಲವೆ ಯಂತ್ರವೇ ಚಿತ್ರ ಬರೆಯುತ್ತದೆ" ಎಂದು ಮಾಲೀಕರು ಹೆದರಿಸುತ್ತಾರೆ. ಮುಂಬಯಿಯ ಮಿಲ್ಲುಗಳಲ್ಲೂ ಇದೇ ಮಾತು ಕೇಳಿದ್ದೆವು: ಸುಮ್ಮನಿರಿ, ಇಲ್ಲದಿದ್ದರೆ ನೇಯ್ಗೆ ಭಿವಂಡಿಗೆ ಹೋಗುತ್ತದೆ ಎಂದು. ಸುಮ್ಮನಿದ್ದ ಕಡೆಯೂ ಹೋಯಿತು. ಯಂತ್ರದ ಭಯ ಸುಳ್ಳಲ್ಲ. ಹುಡುಗಿಯೇ ಹೇಳುತ್ತಾಳೆ, ಹಿನ್ನೆಲೆಯ ಚಿತ್ರಗಳನ್ನು ಆಗಲೇ ಕಂಪ್ಯೂಟರಿನಿಂದ ತೆಗೆಸಿ, ಅದರ ಆರು ಬೆರಳನ್ನು ಐದು ಮಾಡುವ ಕೆಲಸವನ್ನಷ್ಟೇ ಇವರಿಗೆ ಕೊಡುತ್ತಾರಂತೆ. ಆದರೆ 2023ರಲ್ಲಿ ಹಾಲಿವುಡ್ಡಿನ ಚಿತ್ರಕಥೆಗಾರರು 148 ದಿನ ಲೇಖನಿ ಕೆಳಗಿಟ್ಟು, ಆ ಯಂತ್ರವನ್ನು ತಮ್ಮ ಮೇಲೆ ಹೇಗೆ ಪ್ರಯೋಗಿಸಬಾರದೆಂಬುದನ್ನು ಕರಾರಿನಲ್ಲಿ ಬರೆಸಿಕೊಂಡರು. ಒಬ್ಬೊಬ್ಬರೇ ಹೋಗಿ ಕೈಮುಗಿದಿದ್ದರೆ ಬರೆದುಕೊಡುತ್ತಿದ್ದರೆ?

ಇಂಗ್ಲಿಷು ಹೊಡೆಯುತ್ತಾರೆಂಬ ಭಯಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ. ಹೊಡೆಯಬಹುದು. ಕರಾರುಗಳೆಲ್ಲ ಇಂಗ್ಲಿಷಿನಲ್ಲಿಯೇ ಇರುವುದರಿಂದ ಓದಿ ಹೇಳುವವರು ನಮಗೂ ಬೇಕಾಗಿದ್ದಾರೆ. ಮೊನ್ನೆ ಕ್ಲೀನರೊಬ್ಬನ ವಜಾ ಪತ್ರವನ್ನು ಓದಿಸಲು ಮೂರು ದಿನ ಅಲೆದದ್ದು ನೆನಪಿರಬೇಕು. ಕೊನೆಗೆ ಓದಿ ಹೇಳಿದವಳು ಈ ಹುಡುಗಿಯೇ, ರಾತ್ರಿ ಹನ್ನೊಂದಕ್ಕೆ, ಫೋನಿನಲ್ಲಿ.

ಮುಂದಿನ ಮಹಾಸಭೆಯಲ್ಲಿ ನಾವು ಆ ಅರ್ಜಿಯನ್ನು ಫೈಲಿನಿಂದ ತೆಗೆದು ಮೇಜಿನ ಮೇಲಿಡುತ್ತೇವೆ. ಚಿತ್ರ ಬರೆಯುವ ಕೆಲಸಕ್ಕೆ ಮಕ್ಕಳನ್ನು ಕಳುಹಿಸಿರುವ ಸದಸ್ಯರು ಅವರ ನೇಮಕದ ಕಾಗದ, ಸಂಬಳದ ಚೀಟಿಗಳ ನಕಲು ತರಬೇಕು. ಮಕ್ಕಳಿಗೆ ಅಂದು ಬಿಡುವಿದ್ದರೆ ಕರೆದುಕೊಂಡು ಬರಬೇಕು. ಪಕ್ಕಕ್ಕಿಡೋಣ ಎಂದ ಹಿರಿಯರೂ ಬರಬೇಕು. ಅವಳ ತಂದೆಗೆ ಅಂದು ಬೆಳಗಿನ ಪಾಳಿಯಂತೆ. ಯಾರಾದರೂ ಬದಲಿ ನಿಂತರೆ ಅವರೂ ಬರುತ್ತಾರೆ.